ನಲವತ್ತೆಂಟು ಅಡಿಯ ನ್ಯಾರೋಬೋಟ್ ಮತ್ತು ಬರ್ಮಿಂಗ್‌ಹ್ಯಾಮ್ ಕಾಲುವೆಗಳು: ವರ್ಷಗಳ ಬಳಕೆಯ ನಂತರ ಒಂದು ವಿಮರ್ಶೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಾಲುವೆಗಳಲ್ಲಿ ನ್ಯಾರೋಬೋಟ್ ಎಂಬ ಕಿರಿದಾದ, ಉದ್ದನೆಯ ಉಕ್ಕಿನ ದೋಣಿಯನ್ನು ಇಪ್ಪತ್ತನಾಲ್ಕು ಗಂಟೆ ಓಡಿಸುವ ಸವಾಲಿಗೆ ಇಳಿಯುವವರು ಮೊದಲು ನೋಡಬೇಕಾದದ್ದು ದೋಣಿಯ ನೀರೊಳಗಿನ ಭಾಗವನ್ನು. ಓಕ್ ಮರದ ಕಪಾಟು, ಮಡಚುವ ಮಂಚ, ಹಿತ್ತಾಳೆಯ ಕಿಟಕಿಗಳ ವಿಚಾರ ಆಮೇಲೆ. ಇನ್ನೂ ಕೆಲವು ಕುಟುಂಬಗಳ ಜೊತೆ ಪಾಲಿನಲ್ಲಿ ಇಟ್ಟುಕೊಂಡಿರುವ ದೋಣಿಯನ್ನು ವರ್ಷಗಳಿಂದ ಓಡಿಸಿದ ಮೇಲೆ ನಾನು ಹೇಳಬಹುದಾದ ಮುಖ್ಯ ಮಾತು ಇದು. ಮಾರಾಟದ ಜಾಹೀರಾತುಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಸವಾಲನ್ನು ಇಲ್ಲಿ ಬಿಸಿಎನ್ ಚಾಲೆಂಜ್ ಎನ್ನುತ್ತಾರೆ; ಬಿಸಿಎನ್ ಎಂದರೆ ಬರ್ಮಿಂಗ್‌ಹ್ಯಾಮ್ ಕೆನಾಲ್ ನ್ಯಾವಿಗೇಷನ್ಸ್, ಇಲ್ಲಿಯ ಕಾಲುವೆಗಳ ಜಾಲ. ನಡೆಸುವವರು 1968ರಲ್ಲಿ ಹುಟ್ಟಿದ ಬರ್ಮಿಂಗ್‌ಹ್ಯಾಮ್ ಕೆನಾಲ್ ನ್ಯಾವಿಗೇಷನ್ಸ್ ಸೊಸೈಟಿಯವರು. ಮೂವತ್ತು ಗಂಟೆಗಳ ಅವಧಿಯೊಳಗೆ ಹೆಚ್ಚೆಂದರೆ ಇಪ್ಪತ್ತನಾಲ್ಕು ಗಂಟೆ ದೋಣಿ ಓಡಿಸಬಹುದು, ಉಳಿದದ್ದು ವಿಶ್ರಾಂತಿ. ಕ್ರಮಿಸಿದ ಮೈಲಿಗೂ ದಾಟಿದ ಲಾಕಿಗೂ (ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಬಾಗಿಲುಗಳಿರುವ ಕಟ್ಟೆ) ಅಂಕಗಳಿವೆ; ಜನ ಹೋಗದ ಮೂಲೆಗಳಿಗೆ ಹೆಚ್ಚು ಅಂಕ. ಗಂಟೆಗೆ ನಾಲ್ಕು ಮೈಲಿಯ ವೇಗಮಿತಿ ಎಲ್ಲರಿಗೂ ಒಂದೇ ಆದ್ದರಿಂದ ಇದು ಓಟದ ಪಂದ್ಯವಲ್ಲ. ದೋಣಿಗಳಿಲ್ಲದೆ ಹೂಳು ತುಂಬುತ್ತಿರುವ ಕಾಲುವೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರೊಪೆಲ್ಲರ್ ತಿರುಗಲಿ ಎಂಬುದು ಇದರ ಉದ್ದೇಶ. ಒಂದು ಕಾಲದಲ್ಲಿ ಇಲ್ಲಿ ಸುಮಾರು 160 ಮೈಲಿ ಕಾಲುವೆ ಇತ್ತು, ಈಗ ಉಳಿದಿರುವುದು ನೂರು ಮೈಲಿಯಷ್ಟು. ಆ ನೂರೂ ಉಳಿಯಬೇಕೆಂದು ಬಯಸುವವನು ನಾನು. ಹಾಗಾಗಿ ಈ ವಿಮರ್ಶೆಯಲ್ಲಿ ಪಕ್ಷಪಾತ ಇದ್ದರೆ ಅದು ಕಾಲುವೆಯ ಪರ.

ನಮ್ಮ ದೋಣಿಯ ಉದ್ದ 48 ಅಡಿ, ಅಗಲ 6 ಅಡಿ 10 ಅಂಗುಲ. ಇಲ್ಲಿನ ಲಾಕುಗಳ ಅಗಲವೇ ಏಳು ಅಡಿ ಆಸುಪಾಸು ಇರುವುದರಿಂದ ಎಲ್ಲ ನ್ಯಾರೋಬೋಟುಗಳ ಅಗಲವೂ ಅಷ್ಟೇ. ತಳಕ್ಕೆ 10 ಮಿಲಿಮೀಟರ್ ಉಕ್ಕು, ಪಕ್ಕಕ್ಕೆ 6, ಮೇಲಿನ ಕೋಣೆಗೆ 4. ಮುಳುಗುವ ಆಳ ಎರಡು ಅಡಿಗಿಂತ ತುಸು ಹೆಚ್ಚು. ಹಿಂಭಾಗ ಸೆಮಿ-ಟ್ರ್ಯಾಡ್ ಮಾದರಿಯದು: ಚುಕ್ಕಾಣಿ ಹಿಡಿದವರ ಜೊತೆ ಇನ್ನಿಬ್ಬರು ಗೋಡೆಯ ಮರೆಯಲ್ಲಿ ಕೂರಬಹುದು. ಎಂಜಿನ್ ನಾಲ್ಕು ಸಿಲಿಂಡರಿನ ಡೀಸೆಲ್.

ಮೊದಲು ಎಂಜಿನ್ ತಂಪಾಗುವ ಬಗೆ. ಕೆಲವು ದೋಣಿಗಳು ಕಾಲುವೆಯ ನೀರನ್ನೇ ಒಳಗೆ ಸೆಳೆದು ಎಂಜಿನ್ ತಣಿಸಿ ಹೊರಗೆ ಬಿಡುತ್ತವೆ. ನದಿಯಲ್ಲಿ ಅದಕ್ಕೆ ತೊಂದರೆ ಇಲ್ಲ. ಬಿಸಿಎನ್‌ನಲ್ಲಿ ಅದೇ ನೀರಿನ ಜೊತೆ ಕೆಸರು, ಎಲೆ, ಪ್ಲಾಸ್ಟಿಕ್ ಚೂರು ಬಂದು ಶೋಧಕ ಕಟ್ಟಿಕೊಳ್ಳುತ್ತದೆ. ನಮ್ಮದರಲ್ಲಿ ಸ್ಕಿನ್ ಟ್ಯಾಂಕ್ ಇದೆ. ದೋಣಿಯ ಹೊರಗೋಡೆಗೆ ಒಳಗಿನಿಂದ ಬೆಸೆದ ಚಪ್ಪಟೆ ತೊಟ್ಟಿಯಲ್ಲಿ ಎಂಜಿನ್ನಿನ ನೀರು ಸುತ್ತುತ್ತದೆ, ಹೊರಗಿನ ಕಾಲುವೆ ಆ ಉಕ್ಕನ್ನು ತಣ್ಣಗಿಡುತ್ತದೆ. ಹೊರಗಿನ ಹನಿ ನೀರೂ ಎಂಜಿನ್ನಿಗೆ ಹೋಗುವುದಿಲ್ಲ. ರಾತ್ರಿಯಿಡೀ ಓಡಿದಾಗಲೂ ಉಷ್ಣಮಾಪಕದ ಮುಳ್ಳು ಕದಲಿದ್ದನ್ನು ನಾನು ಕಂಡಿಲ್ಲ. ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಡೀಸೆಲ್ ಕುಡಿಯುತ್ತದೆ. ಟ್ಯಾಂಕ್ ತುಂಬಿಸಿ ಹೊರಟರೆ ಇಡೀ ಸವಾಲಿಗೆ ಅದರ ಯೋಚನೆ ಇರುವುದಿಲ್ಲ.

ಎರಡನೆಯದು ವೀಡ್ ಹ್ಯಾಚ್. ಈ ವಿಮರ್ಶೆಯನ್ನು ಓದುತ್ತಿರುವವರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಪ್ರೊಪೆಲ್ಲರಿನ ನೇರ ಮೇಲೆ, ದೋಣಿಯ ಒಳಗಿನಿಂದಲೇ ತೆರೆಯಬಹುದಾದ ಉಕ್ಕಿನ ಪೆಟ್ಟಿಗೆ ಅದು. ನಗರದ ಕಾಲುವೆಯಲ್ಲಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳದ ವಸ್ತು ಇಲ್ಲ: ಚೀಲ, ತಂತಿ, ಹಾಸಿಗೆಯ ಹೊದಿಕೆ, ಮೀನುಗಾಳದ ದಾರ. ಭಾರತೀಯ ಮೂಲದವರು ಹೆಚ್ಚಿರುವ ಸ್ಮೆದಿಕ್ ಆಸುಪಾಸಿನಲ್ಲಿ ಸೀರೆಯೂ ಸಿಗುತ್ತದೆ. ಅಲ್ಲೇ ನೀರಿನ ಮೇಲೆ ತೆಂಗಿನಕಾಯಿಗಳು ತೇಲುತ್ತಿರುವುದನ್ನು ಕಂಡಾಗ ಕನ್ನಡದವರಿಗೆ ವಿವರಣೆ ಬೇಕಾಗುವುದಿಲ್ಲ. ಕಾಯಿ ಪ್ರೊಪೆಲ್ಲರಿಗೆ ಬಡಿದು ಪಕ್ಕಕ್ಕೆ ಹೋಗುತ್ತದೆ, ಸೀರೆ ಮಾತ್ರ ಹೋಗುವುದಿಲ್ಲ. ಪೂಜೆಯ ನೆಪದಲ್ಲಿ ಬಟ್ಟೆಯನ್ನು ನೀರಿಗೆ ಬಿಡಬೇಡಿ ಎಂದು ಇಲ್ಲಿರುವ ನಮ್ಮವರಲ್ಲಿ ಕೈಮುಗಿದು ಕೇಳುತ್ತೇನೆ.

ಸಿಕ್ಕಿಕೊಂಡದ್ದು ಮೊದಲು ಗೊತ್ತಾಗುವುದು ಕಾಲಿನ ಅಡಿಯ ನಡುಕದಿಂದ. ಹೊಗೆ ಕಪ್ಪಾಗುತ್ತದೆ, ಚುಕ್ಕಾಣಿ ಭಾರವಾಗುತ್ತದೆ. ಹಿಮ್ಮುಖ ಗೇರಿನಲ್ಲಿ ಒಂದು ಸಣ್ಣ ಏಟು ಕೊಟ್ಟರೆ ಪ್ಲಾಸ್ಟಿಕ್ ಚೀಲಗಳು ಬಿಚ್ಚಿಕೊಳ್ಳುತ್ತವೆ. ಬಿಚ್ಚದಿದ್ದರೆ ದಂಡೆಗೆ ತಂದು ಎಂಜಿನ್ ನಿಲ್ಲಿಸಬೇಕು. ನಮ್ಮಲ್ಲಿ ಒಂದು ಪದ್ಧತಿ ಇದೆ: ಮಗಳು ಬೀಗದಕೈ ಕಿತ್ತುಕೊಂಡು, "ಅಪ್ಪಾ, ಕೀಲಿ ನನ್ನ ಜೇಬಿನಲ್ಲಿದೆ" ಎಂದು ಗಟ್ಟಿಯಾಗಿ ಹೇಳುವವರೆಗೆ ಯಾರೂ ಕೈ ಕೆಳಗಿಳಿಸುವುದಿಲ್ಲ. ಆಮೇಲೆ ನೆಲದ ಹಲಗೆ ಎತ್ತಿ, ತಿರುಪು ಸಡಿಲಿಸಿ, ಮುಚ್ಚಳ ತೆಗೆದರೆ ಕಪ್ಪು ನೀರು. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳುಗಳೇ ನೋಡಬೇಕು. ಬಟ್ಟೆ ಪ್ರೊಪೆಲ್ಲರಿನ ದಂಡವಾದ ಶಾಫ್ಟಿಗೆ ಎಷ್ಟು ಬಿಗಿಯಾಗಿ ಹುರಿಗೊಂಡಿರುತ್ತದೆ ಎಂದರೆ ಮೊದಲಿಗೆ ಅದು ಲೋಹದ ಭಾಗವೇ ಅನ್ನಿಸುತ್ತದೆ. ಮೊನಚಾದ ಚಾಕು ಇಲ್ಲಿ ಪ್ರಯೋಜನಕ್ಕೆ ಬಾರದು. ಹಲ್ಲುಗಳಿರುವ ಬ್ರೆಡ್ ಚಾಕುವಿನಿಂದ ಶಾಫ್ಟಿನ ಉದ್ದಕ್ಕೆ ಗರಗಸದಂತೆ ಎಳೆದರೆ ಪದರ ಪದರವಾಗಿ ಬಿಡುತ್ತದೆ. ಒಮ್ಮೆ ಹೀಗೆ ಹೊರಬಂದ ತುಂಡಿನಲ್ಲಿ ಜರಿಯ ಅಂಚು ಇನ್ನೂ ಹೊಳೆಯುತ್ತಿತ್ತು.

ಉದ್ದ ಕೈಗವಸು ಕಡ್ಡಾಯ, ಕೆಲಸ ಮುಗಿದ ತಕ್ಷಣ ಸೋಪಿನಿಂದ ಕೈತೊಳೆಯುವುದೂ ಕಡ್ಡಾಯ. ನಮ್ಮೂರಿನ ಗದ್ದೆಗಳಲ್ಲಿ ಹೆದರುವ ಇಲಿಜ್ವರ ಇಲ್ಲಿಯ ಕಾಲುವೆ ನೀರಿನಿಂದಲೂ ತಗಲಬಹುದು. ಕೈಯಲ್ಲಿ ಸಣ್ಣ ಗಾಯವಿದ್ದರೆ ಬೇರೆಯವರನ್ನು ಇಳಿಸಿ. ಮುಚ್ಚಳವನ್ನು ಮತ್ತೆ ಕೂರಿಸುವಾಗ ರಬ್ಬರಿನ ಅಂಚು ಸರಿಯಾಗಿ ಕೂತಿದೆಯೇ ಎಂದು ನೋಡಲೇಬೇಕು. ಸಡಿಲವಾಗಿದ್ದರೆ ಪ್ರೊಪೆಲ್ಲರ್ ಎರಚುವ ನೀರು ಎಂಜಿನ್ ಕೋಣೆ ತುಂಬಿ ದೋಣಿಯೇ ಮುಳುಗುತ್ತದೆ, ಹಾಗೆ ಮುಳುಗಿದ ದೋಣಿಗಳಿವೆ. ಗೇರ್ ಹಾಕಿ ಒಂದು ನಿಮಿಷ ಓಡಿಸಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಹೊರಡಿ.

ಈ ದೋಣಿಯ ಬಗ್ಗೆ ನನ್ನ ಏಕೈಕ ದೊಡ್ಡ ದೂರು ಇರುವುದೂ ಇಲ್ಲೇ. ಹ್ಯಾಚಿನ ಮೇಲಿನ ಹಲಗೆ ಒಂದೇ ಭಾರವಾದ ತುಂಡು. ಸೆಮಿ-ಟ್ರ್ಯಾಡ್‌ನ ಇಕ್ಕಟ್ಟಿನಲ್ಲಿ, ಮಳೆಯಲ್ಲಿ, ಅದನ್ನು ಎತ್ತಿ ಎಲ್ಲಿಡುವುದು? ಕಟ್ಟಿದವರು ಅದನ್ನು ಎರಡಾಗಿ ಸೀಳಿ ಕೀಲು ಹಾಕಿದ್ದರೆ ಸಾಕಿತ್ತು. ಸ್ನೇಹಿತರ ಕ್ರೂಸರ್ ಮಾದರಿಯ ದೋಣಿಯಲ್ಲಿ ಹಿಂದಿನ ಅಟ್ಟ ವಿಶಾಲವಾಗಿರುವುದರಿಂದ ಈ ಕಷ್ಟ ಇಲ್ಲ. ಆದರೆ ಅದರಲ್ಲಿ ಗಾಳಿಗೆ ಮರೆಯೂ ಇಲ್ಲ. ನಸುಕಿನ ಮೂರು ಗಂಟೆಗೆ ನಾನು ಗೋಡೆಯನ್ನೇ ಆರಿಸುತ್ತೇನೆ.

ಆಳದ ವಿಚಾರಕ್ಕೆ ಬಂದರೆ, ನಮ್ಮ ದೋಣಿ ಹೆಚ್ಚು ಮುಳುಗದಿರುವುದು ವರವೇ. ವುಲ್ವರ್‌ಹ್ಯಾಂಪ್ಟನ್‌ನಿಂದ ಬ್ರೌನ್‌ಹಿಲ್ಸ್ ಕಡೆಗೆ ಹೋಗುವ ವೈರ್ಲಿ ಆ್ಯಂಡ್ ಎಸ್ಸಿಂಗ್‌ಟನ್ ಕಾಲುವೆ ನೆಲದ ಏರಿಳಿತವನ್ನು ತಪ್ಪಿಸಿ ಒಂದೇ ಮಟ್ಟದಲ್ಲಿ ಸುತ್ತಿ ಬಳಸಿ ಸಾಗುತ್ತದೆ. ಆ ಉದ್ದಕ್ಕೂ ಲಾಕೇ ಇಲ್ಲ. ನಕ್ಷೆ ನೋಡಿದವರು ಇದು ಸುಲಭದ ಮೈಲಿ ಎಂದುಕೊಳ್ಳುತ್ತಾರೆ. ಅಲ್ಲಿ ಅವಸರ ಮಾಡಿದಷ್ಟೂ ದೋಣಿ ನಿಧಾನವಾಗುತ್ತದೆ: ಆಳವಿಲ್ಲದ ನೀರಿನಲ್ಲಿ ಥ್ರಾಟಲ್ ಏರಿಸಿದರೆ ಹಿಂಭಾಗ ಕೆಳಕ್ಕೆ ಎಳೆದುಕೊಂಡು ಕೆಸರು ಉಜ್ಜುತ್ತದೆ, ದಂಡೆಗೆ ಅಲೆ ಬಡಿಯುತ್ತದೆ, ವೇಗ ಮಾತ್ರ ಬರುವುದಿಲ್ಲ. ಇಳಿಸಿದರೆ ದೋಣಿ ತಾನಾಗಿ ಮೇಲೆದ್ದು ಹಗುರವಾಗಿ ಸಾಗುತ್ತದೆ. ಕೈಗೆ ಈ ಅಳತೆ ಸಿಗಲು ಸಮಯ ಬೇಕು. ಚೇಸ್‌ವಾಟರ್ ಜಲಾಶಯದ ಏರಿಯ ಕೆಳಗಿರುವ ಆ್ಯಂಗ್ಲ್‌ಸೀ ಬೇಸಿನ್‌ವರೆಗೆ ಹೋಗಿ ಬನ್ನಿ. ಕೆಸರು ಕಲಕಿಕೊಂಡು ಬಂದವರಿಗೆ ಅಲ್ಲಿಯ ತಿಳಿನೀರು ಬಹುಮಾನ.

ಮಾರ್ಗ ಹಾಕಲು ನಾವು ಬಳಸುವುದು ಕೆನಾಲ್‌ಪ್ಲ್ಯಾನ್ ಎಂಬ ಉಚಿತ ಜಾಲತಾಣ. ಎಲ್ಲಿಂದ ಎಲ್ಲಿಗೆ, ಯಾವುದರ ಮೂಲಕ ಎಂದು ಕೊಟ್ಟರೆ ಮೈಲಿ, ಫರ್ಲಾಂಗು, ಲಾಕುಗಳ ಸಂಖ್ಯೆ, ತಗಲುವ ಸಮಯ ಎಲ್ಲವನ್ನೂ ಹೇಳುತ್ತದೆ. ವೇಗವನ್ನೂ ಲಾಕಿಗೆ ಬೇಕಾದ ನಿಮಿಷಗಳನ್ನೂ ನಾವೇ ನಮೂದಿಸಬಹುದು, ಅದೇ ಅದರ ಬಲ. ಮುಖ್ಯ ಕಾಲುವೆಗೆ ಒಂದು ವೇಗ, ವೈರ್ಲಿಗೆ ಅದಕ್ಕಿಂತ ಬಹಳ ಕಡಿಮೆ ವೇಗ ಹಾಕಿ ಎರಡು ಲೆಕ್ಕ ಮಾಡಿಸಿದರೆ ಬರುವ ಉತ್ತರ ನೀರಿನ ಮೇಲೆ ನಿಜವಾಗುತ್ತದೆ.

ಇಲ್ಲಿಯ ಕಾಲುವೆಗಳಲ್ಲಿ ಮೂರು ಮುಖ್ಯ ಮಟ್ಟಗಳಿವೆ. ಸಮುದ್ರಮಟ್ಟದಿಂದ 473 ಅಡಿಯ ವುಲ್ವರ್‌ಹ್ಯಾಂಪ್ಟನ್ ಮಟ್ಟ, 453 ಅಡಿಯ ಬರ್ಮಿಂಗ್‌ಹ್ಯಾಮ್ ಮಟ್ಟ, 408 ಅಡಿಯ ವಾಲ್ಸಾಲ್ ಮಟ್ಟ. ಎಲ್ಲಕ್ಕಿಂತ ಮೇಲೆ, 511 ಅಡಿಯಲ್ಲಿ, ಟಿಟ್‌ಫರ್ಡ್ ಕಾಲುವೆ. ಬೆಳಕಿರುವಾಗ ಲಾಕುಗಳನ್ನು ಮುಗಿಸಿ, ಲಾಕಿಲ್ಲದ ಉದ್ದ ಹಾದಿಯನ್ನು ಕತ್ತಲಿಗೆ ಇಟ್ಟುಕೊಳ್ಳುವುದು ನಮ್ಮ ಲೆಕ್ಕಾಚಾರ. ಲಾಕಿನ ಕೆಲಸದಲ್ಲಿ ಎಡವಿದರೆ ಬೀಳುವುದು ಹಲವು ಅಡಿ ಆಳಕ್ಕೆ. ರಾತ್ರಿ ಅದು ಬೇಡ.

ಲಾಕ್ ದಾಟುವುದರಲ್ಲಿ ದೋಣಿಗಿಂತ ಜನ ಮುಖ್ಯ. ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಸಾಲಾಗಿ 21 ಲಾಕುಗಳು, ಒಟ್ಟು 132 ಅಡಿ ಇಳಿಜಾರು. ಒಬ್ಬರು ಸೈಕಲ್ ಹತ್ತಿ ಮುಂದೆ ಹೋಗಿ ಮುಂದಿನ ಲಾಕನ್ನು ಸಿದ್ಧ ಮಾಡಿರಬೇಕು, ಇನ್ನೊಬ್ಬರು ಹಿಂದಿನದರ ಬಾಗಿಲು ಮುಚ್ಚಿ ತೂಬು ಇಳಿಸಿ ಬರಬೇಕು. ಹೀಗಾಗಿ ಮಾಳಿಗೆಯ ಮೇಲೆ ಸೈಕಲ್ ಕಟ್ಟಲು ಕಂಬಿ ಇರುವ ದೋಣಿ ಆರಿಸಿ. ತೂಬು ಎತ್ತಲು ತಿರುಗಿಸುವ ಹಿಡಿಕೆಗಳಾದ ವಿಂಡ್‌ಲಸ್‌ಗಳಲ್ಲಿ ಅಲ್ಯೂಮಿನಿಯಂನದು ಹಗುರ, ಮಣಿಕಟ್ಟಿಗೆ ಸುಖ. ಆದರೆ ನೀರಿಗೆ ಬಿದ್ದರೆ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಉಕ್ಕಿನದನ್ನು ಹಗ್ಗಕ್ಕೆ ಕಟ್ಟಿದ ಅಯಸ್ಕಾಂತದಿಂದ ಎತ್ತಬಹುದು. ನಾವು ಎರಡೂ ಒಯ್ಯುತ್ತೇವೆ. ಕಿಡಿಗೇಡಿಗಳು ತೂಬು ತೆರೆಯದಿರಲೆಂದು ಇಲ್ಲಿ ಹಲವು ಕಡೆ ಬೀಗ ಇರುತ್ತದೆ, ಅದರ ಹ್ಯಾಂಡ್‌ಕಫ್ ಕೀಲಿಯನ್ನು ತಂಡದ ಪ್ರತಿಯೊಬ್ಬರ ಕೊರಳಿಗೂ ಹಾಕಿ.

ಮುಂದಿನ ದೀಪ ದೋಣಿಯ ಜೊತೆ ಬಂದದ್ದು ಬಹಳ ದುರ್ಬಲವಾಗಿತ್ತು, ಬದಲಾಯಿಸಿದೆವು. ಅದಕ್ಕೆ ಕಾರಣ ನೆದರ್ಟನ್ ಸುರಂಗ. 1858ರಲ್ಲಿ ತೆರೆದ ಇದರ ಉದ್ದ 2768 ಮೀಟರ್, ಎರಡೂ ಬದಿಗೆ ಕಾಲುದಾರಿ, ಎರಡು ನ್ಯಾರೋಬೋಟು ಪಕ್ಕಪಕ್ಕದಲ್ಲಿ ಹಾಯುವಷ್ಟು ಅಗಲ. ಒಳಗೆ ಮುಕ್ಕಾಲು ಗಂಟೆಯ ಹತ್ತಿರ ಹಿಡಿಯುತ್ತದೆ. ಗಾಳಿಗುಂಡಿಗಳ ಕೆಳಗೆ ತಲೆಯ ಮೇಲೆ ನೀರು ಸುರಿಯುತ್ತದೆ, ಆದ್ದರಿಂದ ಮಳೆಯಂಗಿ ಹಾಕಿಕೊಂಡೇ ಒಳಗೆ ಹೋಗಿ. ದೀಪವನ್ನು ನೇರ ಮುಂದಕ್ಕಿಡಬಾರದು. ಸ್ವಲ್ಪ ಬಲಕ್ಕೆ, ಸ್ವಲ್ಪ ಮೇಲಕ್ಕೆ ತಿರುಗಿಸಿದರೆ ಗೋಡೆಯೂ ಕಾಣುತ್ತದೆ, ಎದುರಿನಿಂದ ಬರುವವರ ಕಣ್ಣಿಗೂ ಚುಚ್ಚುವುದಿಲ್ಲ. ಗೋಸ್ಟಿ ಹಿಲ್ ಸುರಂಗದಲ್ಲಿ ಮಾತ್ರ ಚಾವಣಿ ಇದ್ದಕ್ಕಿದ್ದಂತೆ ತಗ್ಗುತ್ತದೆ. ಒಲೆಯ ಹೊಗೆಕೊಳವೆ ತೆಗೆದಿಡಿ, ಚುಕ್ಕಾಣಿ ಹಿಡಿದವರು ಬಗ್ಗಿರಲಿ. ಡಡ್ಲಿ ಸುರಂಗಕ್ಕೆ ಡೀಸೆಲ್ ಎಂಜಿನ್ ಓಡಿಸಿಕೊಂಡು ಹೋಗುವಂತಿಲ್ಲ, ಅದನ್ನು ಲೆಕ್ಕದಿಂದಲೇ ಬಿಡಿ.

ಒಳಾಂಗಣದ ಬಗ್ಗೆ ಹೇಳಲು ಹೆಚ್ಚಿಲ್ಲ. ಮಂಚಗಳು ಸಾಕು, ನೀರಿನ ಟ್ಯಾಂಕ್ ಸಾಕು, ಶೌಚಾಲಯದ ಕ್ಯಾಸೆಟ್ (ಮಲ ಸಂಗ್ರಹದ ಪೆಟ್ಟಿಗೆ) ಹೊರಡುವ ಮೊದಲು ಖಾಲಿ ಮಾಡಿದರೆ ಸಾಕು. ಊಟ ಮನೆಯಿಂದಲೇ ಬರುತ್ತದೆ: ಪುಳಿಯೋಗರೆ ರಾತ್ರಿ ಕಳೆದು ಬೆಳಗಾದರೂ ಕೆಡುವುದಿಲ್ಲ, ಚಪಾತಿಗೆ ಪಲ್ಯ ಸುತ್ತಿಕೊಟ್ಟರೆ ಒಂದು ಕೈ ಚುಕ್ಕಾಣಿಯ ಮೇಲಿದ್ದೇ ಊಟ ಮುಗಿಯುತ್ತದೆ. ಸರದಿ ಬಿಟ್ಟು ಮಲಗಲು ಹೋದವರನ್ನು ಎಬ್ಬಿಸಬೇಕಾದರೆ ಕಾಫಿಯ ಡಿಕಾಕ್ಷನ್ ಫ್ಲಾಸ್ಕಿನಲ್ಲಿ ಇರಲೇಬೇಕು.

ಪಾಲಿನ ವ್ಯವಸ್ಥೆ ನಮಗೆ ಒಪ್ಪಿಗೆಯಾಗಿದೆ. ಪರವಾನಗಿ, ವಿಮೆ, ತುಕ್ಕು ಹಿಡಿಯದಂತೆ ದೋಣಿಯ ತಳಕ್ಕೆ ಕಪ್ಪು ಬಣ್ಣ ಬಳಿಯುವ ಖರ್ಚು ಎಲ್ಲ ಹಂಚಿಹೋಗುತ್ತದೆ. ಬಾಡಿಗೆ ದೋಣಿಯಲ್ಲಿ ಈ ಸವಾಲಿಗೆ ಇಳಿಯುವುದು ಕಷ್ಟ, ಏಕೆಂದರೆ ಕತ್ತಲಾದ ಮೇಲೆ ಓಡಿಸಲು ಸಾಮಾನ್ಯವಾಗಿ ಅವರು ಬಿಡುವುದಿಲ್ಲ. ಪಾಲಿನಲ್ಲಿಯೂ ಒಪ್ಪಂದದ ಪತ್ರದಲ್ಲಿ ರಾತ್ರಿ ಓಡಿಸುವ ಬಗ್ಗೆ ಏನಿದೆ, ವಿಮೆ ಅದನ್ನು ಒಪ್ಪುತ್ತದೆಯೇ ಎಂದು ಸಹಿ ಹಾಕುವ ಮೊದಲು ಓದಿಕೊಳ್ಳಿ. ಸವಾಲಿನ ವಾರ ಯಾರಿಗೆ ಎಂಬ ಹಗ್ಗಜಗ್ಗಾಟ ಪ್ರತಿವರ್ಷ ಇದ್ದದ್ದೇ. ಬೇಗ ಕೇಳಿದವರಿಗೆ ಸಿಗುತ್ತದೆ.

ಇಂಥ ದೋಣಿಯನ್ನೇ ಮತ್ತೆ ಕೊಳ್ಳುತ್ತೇನೆಯೇ ಎಂದರೆ ಖಂಡಿತ ಹೌದು. ಮುಂದಿನ ಸವಾಲಿನ ಮೊದಲು ಹ್ಯಾಚಿನ ಹಲಗೆಯನ್ನು ಎರಡು ಮಾಡಿಸಿ, ಮುಚ್ಚಳದ ರಬ್ಬರು ಹೊಸದು ಹಾಕಿಸಬೇಕೆಂದು ಉಳಿದ ಪಾಲುದಾರರನ್ನು ಒಪ್ಪಿಸಿದ್ದೇನೆ. ಹಳೆಯ ದೋಣಿ ನೋಡಲು ಹೋಗುವವರು ಮಾರುವವರ ಮುಂದೆಯೇ ವೀಡ್ ಹ್ಯಾಚ್ ತೆರೆಸಿ, ಅಂಗಿಯ ತೋಳು ಮಡಚಿ, ಪ್ರೊಪೆಲ್ಲರಿನ ಹಿಂದಿನವರೆಗೂ ಕೈ ತಲುಪುತ್ತದೆಯೇ ನೋಡಿ. ತಲುಪದಿದ್ದರೆ ಬೇರೆ ದೋಣಿ ಹುಡುಕಿ.