ಹಿತ್ತಲಲ್ಲಿ ಚಳಿ ಕಾಯಿಸಲು: ಇಟ್ಟಿಗೆಯ ಗುಂಡಿಯೋ, ಕಬ್ಬಿಣದ ಬಟ್ಟಲೋ?

ಸಕಲೇಶಪುರದ ಕಡೆಯ ಮನೆಗೆ ಯಾವುದು ಸರಿ ಎಂದು ಕೇಳಿದ್ದೀರಿ. ಖರ್ಚು ನೋಡಿದರೆ ನೆಲ ಅಗೆದು ಸುತ್ತ ಕಲ್ಲಿಡುವುದೇ ಅಗ್ಗ. ಆದರೆ ಹೊಳೆಕಲ್ಲು ಮಾತ್ರ ಬೇಡ. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಸುತ್ತ ಮಕ್ಕಳು ಕೂತಿರುತ್ತಾರೆ ಅಲ್ವಾ? ಒಳಸುತ್ತಿಗೆ ಬೆಂಕಿ ತಾಳುವ ಇಟ್ಟಿಗೆ ಹಾಕಿ. ಖರ್ಚು ಜಾಸ್ತಿ, ಆದರೆ ವರ್ಷಗಟ್ಟಲೆ ಬಾಳುತ್ತದೆ. ನೀರು ಇಂಗಲು ತಳಕ್ಕೆ ಜಲ್ಲಿ ಬೇಕು, ಮಳೆಗಾಲದಲ್ಲಿ ಮೇಲೊಂದು ತಗಡು.

ಕಬ್ಬಿಣದ ಬಟ್ಟಲು ಸುಲಭ. ತಂದ ದಿನವೇ ಉರಿಸಬಹುದು. ಮಳೆಗೆ ಹೊರಗೇ ಬಿಟ್ಟರೆ ತುಕ್ಕು ಖಂಡಿತ.

ಬಾಡಿಗೆ ಮನೆಗೆ ಬಟ್ಟಲೇ ಒಳ್ಳೆಯದು. ಸ್ವಂತ ಜಾಗವಿದ್ದು, ಚಳಿಗಾಲದಲ್ಲಿ ನೆಂಟರು ಬರುತ್ತಲೇ ಇದ್ದರೆ ಇಟ್ಟಿಗೆಯ ಗುಂಡಿ ಕಟ್ಟಿಸಿ. ಎರಡರಲ್ಲಿ ಯಾವುದಾದರೂ ಕಟ್ಟಿಗೆ ರಾಶಿ, ಒಣ ತರಗೆಲೆಯಿಂದ ದೂರವಿರಲಿ. ಏಳುವ ಮೊದಲು ನೀರು ಹಾಕಿ ಕೆಂಡ ಪೂರ್ತಿ ಆರಿಸಿ.