ಹೊದೆಯಲೂ ಬೇಕು, ಗೋಡೆಗೂ ಬೇಕು: ಸ್ಟುಡಿಯೋ ಕ್ವಿಲ್ಟ್ ಮತ್ತು ಹಳಿಯಾಳದ ಕೌದಿ

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಈಗ ತೂಗುತ್ತಿರುವುದು 11,000 ರೂಪಾಯಿ ತೆತ್ತು ಸ್ಟುಡಿಯೋ ಒಂದರಲ್ಲಿ ನಮ್ಮದೇ ಅಳತೆಗೆ, ನಮ್ಮದೇ ಬಣ್ಣಕ್ಕೆ ಮಾಡಿಸಿದ ಕ್ವಿಲ್ಟ್, ಅಂದರೆ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ, ಅಲ್ಲ. ಧಾರವಾಡದ ಅತ್ತಿಗೆಯ ಮೂಲಕ ಉತ್ತರ ಕನ್ನಡದ ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯೊಬ್ಬರಿಂದ 3,200 ರೂಪಾಯಿಗೆ ಹೊಲಿಸಿದ ಕೌದಿ, ಹಳೆಬಟ್ಟೆಯ ತುಂಡುಗಳ ಹೊದಿಕೆ. ಎರಡನ್ನೂ ತರಿಸಿದ ಉದ್ದೇಶ ಒಂದೇ ಆಗಿತ್ತು: ಡಿಸೆಂಬರ್, ಜನವರಿಯ ಚಳಿಗೆ ಹೊದಿಕೆಯಾಗಬೇಕು, ಉಳಿದ ತಿಂಗಳು ಕಪಾಟು ಸೇರದೆ ಗೋಡೆಯ ಮೇಲಿರಬೇಕು.

ಸ್ಟುಡಿಯೋದ ಕ್ವಿಲ್ಟ್ ನೋಡಲು ಚೆನ್ನಾಗಿಯೇ ಇತ್ತು. ವಿಶಾಲವಾದ ಬೂದು ಬಯಲು, ಒಂದು ಮೂಲೆಯಲ್ಲಿ ಮಾತ್ರ ಸಾಸಿವೆ ಬಣ್ಣದ ಓರೆ ಪಟ್ಟಿಗಳು. ತೊಂದರೆ ಶುರುವಾದದ್ದು ಅದನ್ನು ತೂಗುಹಾಕುವಾಗ. ಪರದೆಗೆ ಇರುವಂತೆ ಕೋಲು ತೂರಿಸುವ ಬಟ್ಟೆಯ ಮಡಿಕೆ, ಅಂದರೆ ಸ್ಲೀವ್, ಅದರ ಹಿಂಬದಿಯಲ್ಲಿ ಇರಲೇ ಇಲ್ಲ. ಕೇಳಿದರೆ, ಅದು ಬೇಕೆಂದು ಮೊದಲೇ ಹೇಳಬೇಕಿತ್ತು ಎಂಬ ಉತ್ತರ ಬಂತು. ಗೋಡೆಗೆ ಹಾಕುವುದಕ್ಕೆಂದೇ ಮಾಡಿಸುತ್ತಿದ್ದೇವೆ ಎಂದು ನಾನು ಮೂರು ಸಲ ಹೇಳಿದ್ದೆ. ಕ್ಲಿಪ್ ಇರುವ ಪರದೆಯ ಬಳೆಗಳಿಂದ ತೂಗಿಬಿಟ್ಟರೆ ಎರಡು ಕ್ಲಿಪ್‌ಗಳ ನಡುವೆ ಅಂಚು ಜೋತುಬಿದ್ದು ತೋರಣದಂತೆ ಕಾಣುತ್ತಿತ್ತು, ಮೇಲಾಗಿ ಕ್ಲಿಪ್ ಕಚ್ಚಿದ ಕಲೆಗಳು ಉಳಿದವು.

ಕೊನೆಗೆ ನಾನೇ 4 ಅಂಗುಲದ ಸ್ಲೀವ್ ಹೊಲಿದೆ. ಮೊದಲ ಸಲ ಬಟ್ಟೆಯನ್ನು ಬಿಗಿಯಾಗಿ ಕೂರಿಸಿದ್ದರಿಂದ ಒಳಗಿನ ಕೋಲಿನ ಉಬ್ಬು ಮುಂಬದಿಯಲ್ಲಿ ಗೆರೆಯಂತೆ ಮೂಡಿತು. ಕೋಲಿನ ದಪ್ಪಕ್ಕೆ ಜಾಗ ಸಿಗುವಂತೆ ಹೊರಪದರವನ್ನು ಕೊಂಚ ಸಡಿಲ ಬಿಡಬೇಕೆಂದು ಆಗ ತಿಳಿಯಿತು. ಬಿಚ್ಚಿ ಮತ್ತೆ ಹೊಲಿದೆ. ಆದರೂ ಎರಡೇ ತಿಂಗಳಲ್ಲಿ ನಡುಭಾಗ ಹೊಟ್ಟೆ ಬಂದಂತೆ ಇಳಿಯಿತು. ಒಳಗೆ ದಪ್ಪ ಪಾಲಿಯೆಸ್ಟರ್ ಪದರವಿದ್ದು, ಯಂತ್ರದ ಹೊಲಿಗೆಯ ಸಾಲುಗಳು ಎಂಟೆಂಟು ಅಂಗುಲ ದೂರ ಇದ್ದುದರಿಂದ ಪದರಗಳನ್ನು ಹಿಡಿದಿಡಲು ಏನೂ ಇರಲಿಲ್ಲ.

ಕೌದಿಯ ಮರ್ಮ ಇರುವುದು ಇಲ್ಲಿಯೇ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಮೂಲೆಯಿಂದ ಹೊರಟು ಅಂಚಿನ ಸುತ್ತ ತುಂಡುಗಳನ್ನು ಕೂರಿಸುತ್ತ ಸುತ್ತು ಸುತ್ತಾಗಿ ನಡುವಿಗೆ ಬರುವುದು ಸಿದ್ದಿ ಮಹಿಳೆಯರ ಕ್ರಮ. ಒಳಗೆ ಹತ್ತಿಯನ್ನಾಗಲಿ ಪಾಲಿಯೆಸ್ಟರನ್ನಾಗಲಿ ತುಂಬುವುದಿಲ್ಲ. ನಮ್ಮ ಕೌದಿಯಲ್ಲಿ ಕೈಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳು ಮಾತ್ರ ಹಿಡಿಯುತ್ತದೆ. ಹಾಗಾಗಿ ಅದು ಜೋಲದೆ ಗೋಡೆಗೆ ಅಂಟಿದಂತೆ ನಿಂತಿದೆ. ನಾಲ್ಕು ಮೂಲೆಗಳಲ್ಲಿ ಮಡಿಚಿದ ತುಂಡುಗಳ ತ್ರಿಕೋನ ‘ಫುಲ’ಗಳಿವೆ. ಎಡ ಮೂಲೆಯ ಫುಲದ ಕೆಳಗೆ ಅಮ್ಮನ ಇಳಕಲ್ ಸೀರೆಯ ಕೆಂಪು ಸೆರಗು ಇಣುಕುತ್ತದೆ; ಮನೆಗೆ ಬಂದವರು ಮೊದಲು ಬೆರಳಿಡುವುದು ಅಲ್ಲಿಗೇ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಊರಿನ ಕಪ್ಪು ಮಹಿಳೆಯರು ಹಳೆಬಟ್ಟೆಯಲ್ಲಿ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯದ ಗೋಡೆ ಏರಿದವು. ಹಾಸಿಗೆಯಿಂದ ಗೋಡೆಗೆ ಹೋಗುವ ಯೋಗ್ಯತೆ ನಮ್ಮ ಕೌದಿಗೂ ಇದೆಯೆಂದು ನಾನು ವಾದಿಸುತ್ತಿರುತ್ತೇನೆ, ಮನೆಯವರು ನಗುತ್ತಿರುತ್ತಾರೆ.

ಬೆಚ್ಚಗಿರುವುದರಲ್ಲಿ ಸ್ಟುಡಿಯೋದ್ದೇ ಮೇಲು. ಆದರೆ ಪುಣೆಯ ಚಳಿಗೆ ಅಷ್ಟು ಬೇಕಿಲ್ಲ.

ಕೌದಿಯ ಕಷ್ಟಗಳೂ ಇವೆ. ಕೈಸೇರಲು ನಾಲ್ಕು ತಿಂಗಳು ಕಾಯಬೇಕಾಯಿತು, ಬಣ್ಣಗಳ ಆಯ್ಕೆ ಹೊಲಿಯುವವರದೇ, ಒಗೆದರೆ ಹಿಂಡಲು ಇಬ್ಬರು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅದನ್ನು ನೀರಿಗೆ ಹಾಕುವುದೇ ಇಲ್ಲ. ಸೋಫಾದ ಬಣ್ಣಕ್ಕೆ ಸರಿಹೊಂದಲೇಬೇಕು ಎನ್ನುವವರು ಸ್ಟುಡಿಯೋಗೇ ಹೋಗಲಿ. ಮುಂಗಡ ಕೊಡುವ ಮೊದಲು ಸ್ಲೀವ್ ಇದೆಯೇ, ಹೊಲಿಗೆಯ ಸಾಲುಗಳು ಎಷ್ಟು ದೂರ ಎಂದು ಬರೆಸಿಕೊಳ್ಳಲಿ. ಹಳೆಯ ಸೀರೆಗಳನ್ನು ಎಸೆಯಲು ಮನಸ್ಸಾಗದ, ತಿಂಗಳ ಖರ್ಚನ್ನು ಲೆಕ್ಕವಿಟ್ಟು ನಡೆಸುವ ನನ್ನಂಥವಳಿಗೆ ಕೌದಿಯೇ ಸರಿ. ಬೂದು ಕ್ವಿಲ್ಟ್ ಈಗ ಅತಿಥಿಗಳ ಮಂಚದ ಮೇಲಿದೆ. ಅತ್ತಿಗೆಗೆ ಇನ್ನೂ ಆರು ಸೀರೆ ಕಳಿಸಿದ್ದೇನೆ.