ಉಪ್ಪಳದ ವರ್ಕ್‌ಶಾಪ್: ರೋಟರಿ ಇಂಜಿನ್ ಗೊತ್ತಿರುವವರು ಇಲ್ಲಿದ್ದಾರೆ

ಭಾವ ಗಲ್ಫಿನಿಂದ ರಜೆಗೆ ತಂದ ಮಾಜ್ದಾ ಆರ್‌ಎಕ್ಸ್-8 ಕಾರಿನದ್ದು ರೋಟರಿ ಇಂಜಿನ್, ಅಂದರೆ ಪಿಸ್ಟನ್ ಬದಲು ತ್ರಿಕೋನದಂಥ ರೋಟರ್ ತಿರುಗುವ ಇಂಜಿನ್. ಅದನ್ನು ಯಾರೋ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಅಂಗಳದಲ್ಲೇ ಸ್ವಲ್ಪ ಹಿಂದೆ ಸರಿಸಿ, ಆಫ್ ಮಾಡಿದರು. ಆಮೇಲೆ ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹಿಡಿಯುವುದೇ ಇಲ್ಲ. ಮೊದಲು ಬಂದ ಮೆಕ್ಯಾನಿಕ್ ಪೆಟ್ರೋಲ್ ಪಂಪ್ ಹೋಗಿದೆ ಅಂತ ಸುಮ್ನೆ ಹೇಳಿ ಹೋದರು. ಉಪ್ಪಳ ಹೆದ್ದಾರಿ ಬದಿಯ ಈ ವರ್ಕ್‌ಶಾಪಿನವರು ಬಾನೆಟ್ ಎತ್ತುವ ಮೊದಲೇ ಕೇಳಿದ್ದು ಒಂದೇ: "ಬಿಸಿಯಾಗುವ ಮೊದಲು ಆಫ್ ಮಾಡಿದ್ರಾ?"

ವಿಷಯ ಅದೇ. ತಣ್ಣಗಿರುವ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಉಳಿದದ್ದು ರೋಟರ್ ತುದಿಯ ಸೀಲ್‌ಗಳ ಮೇಲಿನ ಆಯಿಲನ್ನು ತೊಳೆದು ಬಿಡುತ್ತದೆ, ಕಂಪ್ರೆಶನ್ (ಇಂಜಿನ್ ಒಳಗಿನ ಒತ್ತಡ) ಇಳಿಯುತ್ತದೆ, ಪ್ಲಗ್‌ಗಳೂ ಒದ್ದೆ. ಇವರು ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಎಡಗಡೆಯ ಮುಂದಿನ ಚಕ್ರ ಬಿಚ್ಚಿ, ನಾಲ್ಕೂ ಪ್ಲಗ್ ತೆಗೆದರು. ಒಂದನ್ನು ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆಯಿತು. ಪ್ಲಗ್ ಇಲ್ಲದೆ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ ಒಳಗಿನದ್ದನ್ನು ಹೊರಗೆ ಹಾಕಿಸಿದರು, ಪ್ಲಗ್ ತೂತಿನಿಂದ ಒಂದಿಷ್ಟು ಆಯಿಲ್ ಬಿಟ್ಟರು, ಎಲ್ಲ ಜೋಡಿಸಿ ಬೇರೆ ಬ್ಯಾಟರಿ ಕೊಟ್ಟರು. ಬಿಳಿ ಹೊಗೆ ಇಡೀ ಶೆಡ್ ತುಂಬಿತು, ಆದರೆ ಇಂಜಿನ್ ಎದ್ದಿತು!

ಚಿಕ್ಕದಾಗಿ ಫ್ಲಡ್ ಆದರೆ, ಅಂದರೆ ಹೀಗೆ ಒಳಗೆ ಪೆಟ್ರೋಲ್ ಜಾಸ್ತಿಯಾದರೆ, ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸಿ ಅಂದರು, ಆಗ ಇಂಜೆಕ್ಟರ್ ಪೆಟ್ರೋಲ್ ಬಿಡುವುದಿಲ್ಲವಂತೆ. ರೇಟ್ ಸ್ವಲ್ಪ ಜಾಸ್ತಿಯೇ, ಕೂರಲು ಜಾಗವೂ ಇಲ್ಲ, ಫೋನ್ ಎತ್ತುವುದಂತೂ ಅಪರೂಪ. ಕೆಲಸ ಮಾತ್ರ ಅಚ್ಚುಕಟ್ಟು. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಮುಚ್ಚಿರುತ್ತದೆ.